ಗೊತ್ತಿಲ್ಲದವರೆಲ್ಲ ಕಾಶ್ಯಪ ಗೋತ್ರ

ಕಾಶ್ಯಪ ಎಂಬ ಹೆಸರು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಹೇಸಿಗೆಯಾಗುತ್ತದೆ. ಆ ಋಷಿಯ ಮೇಲೆ ನನಗೇನೂ ಕೋಪವಿಲ್ಲ. ಪಾಪ, ಅವರು ಅವರಷ್ಟಕ್ಕೆ ತಪಸ್ಸು ಮಾಡಿಕೊಂಡಿದ್ದವರು. ಹೇಸಿಗೆ ಹುಟ್ಟಿಸಿದ್ದು ಆ ಹೆಸರನ್ನು ಕಂಡಕಂಡವರ ತಲೆಗೆಲ್ಲ ಕಟ್ಟಿದ ಒಂದು ಕಂಪ್ಯೂಟರ್, ಮತ್ತು ಅದರ ಎದುರು ಕುಳಿತು ಹಲ್ಲಿಗೆ ಕಡ್ಡಿ ಹಾಕುತ್ತಿದ್ದ ನನ್ನ ಧಣಿ.

ಎರಡು ಸಾವಿರದ ಎಂಟರ ಆಸುಪಾಸು. ಕುಂದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಮಹಡಿಯ ಮೇಲೆ ವಧೂವರರ ಮಾಹಿತಿ ಕೇಂದ್ರವಿತ್ತು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ನಾನು ಸೇರಿದ್ದೆ. ಧಣಿ ಬ್ರಹ್ಮಾವರದವರು. ಬಹಳ ಕಾಲ ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ, ಒಂದು ಬ್ರೀಫ್‌ಕೇಸು ಮತ್ತು ‘ಚಲ್ತಾ ಹೈ’ ಎಂಬ ಮಂತ್ರ ಇವೆರಡನ್ನು ಹಿಡಿದುಕೊಂಡು ಊರಿಗೆ ಬಂದಿದ್ದರು. ಕೆಳಗಿನ ಹೋಟೆಲಿನವರು ಗೋಳಿಬಜೆ ಕರಿಯುವ ಎಣ್ಣೆಯ ಹೊಗೆ ನೇರ ನಮ್ಮ ಕಿಟಕಿಗೇ ಬರುತ್ತಿತ್ತು. ಧಣಿ ಬಜೆ ತರಿಸಿ ತಿಂದು ಅದೇ ಕೈಯಲ್ಲಿ ಕೀಬೋರ್ಡು ಮುಟ್ಟುತ್ತಿದ್ದರು. ಬೆರಳಿಟ್ಟರೆ ಜಾರಬೇಕು, ಹಾಗೆ. ಬೆಳಿಗ್ಗೆ ಬಂದವಳೇ ಅದನ್ನು ಒರೆಸಿ ಕೈ ತೊಳೆದುಕೊಳ್ಳುವುದೇ ನನ್ನ ಮೊದಲ ಪೂಜೆ.

ನಾನು ಕೋಡಿಯವಳು. ಅಮ್ಮ ಮೀನು ಮಾರುತ್ತಿದ್ದಳು. ಡೇಟಾಬೇಸ್ ಎನ್ನುವುದನ್ನು ನನಗೆ ಯಾರೂ ಕಲಿಸಲಿಲ್ಲ. ಕಂಪ್ಯೂಟರ್ ಸೆಂಟರಿನ ಕಪಾಟಿನಲ್ಲಿ ಗೆದ್ದಲಿಗೆ ಕಾಯುತ್ತಿದ್ದ ಒಂದು ದಪ್ಪ ಪುಸ್ತಕವನ್ನು ಮನೆಗೆ ತಂದು ಓದಿದೆ. ಅದರಲ್ಲಿ ನನಗೆ ಬೇಗ ಹತ್ತಿದ್ದು ಟೈಪ್ ಎಂಬ ವಿಚಾರ. ಅಲ್ಲಿ ಪ್ರತಿ ಕಾಲಮ್ಮಿಗೂ ಒಂದು ಟೈಪ್ ಇರುತ್ತದೆ. ಅಂಕಿಯ ಕಾಲಮ್ಮಿಗೆ ಊರಿನ ಹೆಸರು ಹಾಕಹೋದರೆ ಒಪ್ಪುವುದಿಲ್ಲ, ತಾರೀಕಿನ ಕಾಲಮ್ಮಿಗೆ ಇಲ್ಲದ ತಾರೀಕು ಕೊಟ್ಟರೆ ಒಪ್ಪುವುದಿಲ್ಲ. ಅಮ್ಮನ ಬುಟ್ಟಿಗಳೂ ಹಾಗೇ ಇದ್ದವು. ಬಂಗುಡೆಯ ಬುಟ್ಟಿಗೆ ಬೈಗೆ ಮೀನು ಬಿದ್ದರೆ ಅವಳು ಹಾಕಿದವರ ಏಳು ತಲೆಮಾರು ಜಾಲಾಡುತ್ತಿದ್ದಳು. ಯಂತ್ರದ ಜೊತೆ ಬರುವ ಟೈಪುಗಳು ಸಾಲದಿದ್ದರೆ ನಮಗೆ ಬೇಕಾದ್ದನ್ನು ನಾವೇ ಮಾಡಿಕೊಳ್ಳಬಹುದು ಎಂದು ಆ ಪುಸ್ತಕದಲ್ಲಿ ಓದಿದ ದಿನ ನನಗೆ ಊಟ ಸೇರಲಿಲ್ಲ, ಅಷ್ಟು ಖುಷಿ.

ಅದೇ ಖುಷಿಯಲ್ಲಿ ನಮ್ಮ ಕೇಂದ್ರದ ಸಾಫ್ಟ್‌ವೇರಿನ ಹೊಟ್ಟೆ ಬಗೆದು ನೋಡಿದೆ. ಘಟ್ಟದ ಮೇಲಿನವರೊಬ್ಬರು ಮಾಡಿಕೊಟ್ಟು ಹೋಗಿದ್ದ ಸಾಫ್ಟ್‌ವೇರ್ ಅದು. ಒಳಗೆ ಎರಡು ಸ್ವಂತ ಟೈಪುಗಳಿದ್ದವು. ಒಂದು ಬಣ್ಣ. ಧಣಿಯೇ ಹೇಳಿ ಮಾಡಿಸಿದ್ದಂತೆ. ಬಿಳಿ, ಗೋಧಿ, ಎಣ್ಣೆಗಪ್ಪು, ಕಪ್ಪು ಎಂದು ಸಾಲಾಗಿ ಬರೆದಿತ್ತು. ಇಂಥ ಟೈಪಿನಲ್ಲಿ ಬರೆದ ಸಾಲೇ ಅದರ ಅನುಕ್ರಮ. ಹೆಣ್ಣುಗಳ ಪಟ್ಟಿ ತೆಗೆದರೆ ಬಿಳಿಯವರು ಮೊದಲು, ಕಪ್ಪಿನವರು ಕಟ್ಟಕಡೆಗೆ ಬರಬೇಕು ಎಂಬ ಏರ್ಪಾಡು. ಗಂಡುಗಳಿಗೂ ಆ ಕಾಲಂ ಇತ್ತು. ಒಬ್ಬನೇ ಒಬ್ಬ ಗಂಡಿಗೂ ಅದನ್ನು ತುಂಬಿರಲಿಲ್ಲ, ಯಂತ್ರವೂ ಕೇಳುತ್ತಿರಲಿಲ್ಲ. ನಾನು ನನ್ನ ಕೈಯನ್ನೊಮ್ಮೆ ನೋಡಿಕೊಂಡೆ. ಆ ಸಾಲಿನಲ್ಲಿ ನನ್ನ ಜಾಗ ಕೊನೆಯದು. ಆದರೆ ಒಂದು ಮಜಾ ಏನೆಂದರೆ, ಯಂತ್ರದ ಲೆಕ್ಕದಲ್ಲಿ ಸಾಲಿನ ಮೊದಲನೆಯದು ಎಲ್ಲಕ್ಕಿಂತ ಚಿಕ್ಕದು, ಕೊನೆಯದು ಎಲ್ಲಕ್ಕಿಂತ ದೊಡ್ಡದು. ಧಣಿಗೆ ಅದು ಗೊತ್ತಿರಲಿಲ್ಲ. ನಾನೂ ಹೇಳಹೋಗಲಿಲ್ಲ.

ಇನ್ನೊಂದು ಟೈಪ್ ಗೋತ್ರ. ಒಂದೇ ಗೋತ್ರದ ಗಂಡು ಹೆಣ್ಣನ್ನು ಕಂಪ್ಯೂಟರ್ ಜೋಡಿಸಿ ತೋರಿಸುವುದಿಲ್ಲ, ಅದು ಸರಿಯೇ. ಆದರೆ ನಮ್ಮ ಬದಿಯಲ್ಲಿ ಅಳಿಯಸಂತಾನದ ಮನೆಗಳು ಎಷ್ಟಿಲ್ಲ? ಅವರಿಗೆ ಗೋತ್ರ ಎಂಬುದೇ ಇಲ್ಲ, ಇರುವುದು ಬಳಿ. ಗೋತ್ರ ಅಪ್ಪನಿಂದ ಬರುವುದು, ಬಳಿ ತಾಯಿಯಿಂದ ಬರುವುದು. ಒಂದೇ ಬಳಿಯವರು ಅಣ್ಣತಂಗಿ, ಮದುವೆಯಾಗುವ ಹಾಗಿಲ್ಲ. ನಮ್ಮದೂ ಅಂಥ ಮನೆಯೇ. ಇದು ಇಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ಸಂಗತಿಯಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಬಂದವರು ಶಿರೂರಿನ ಒಬ್ಬ ಹೆಣ್ಣು ಮತ್ತು ಅವಳ ಸೋದರಮಾವ. ಅವಳು ಬೈಂದೂರಿನಲ್ಲಿ ರವಿಕೆ ಹೊಲಿಯುತ್ತಿದ್ದಳು. ಮಾವ ಗದ್ದೆ ಮಾಡಿಕೊಂಡಿದ್ದವರು. ಅಳಿಯಸಂತಾನದ ಮನೆಯಲ್ಲಿ ಸೋದರಸೊಸೆಯ ಮದುವೆ ಸೋದರಮಾವನ ತಲೆಯ ಮೇಲಿನ ಭಾರ. ನಾನು ಸೇರುವುದಕ್ಕೆ ಮೂರು ವರ್ಷ ಮೊದಲೇ ಅವಳನ್ನು ಇಲ್ಲಿ ನೋಂದಾಯಿಸಿದ್ದರು. ಮೆಟ್ಟಿಲು ಹತ್ತಿ ಬಂದು ಉಸಿರು ಬಿಡುತ್ತಲೇ ಮಾವ ಕೇಳಿದರು.

“ಹ್ವಾಯ್, ನಮ್ಮ ಹೆಣ್ಣಿಗ್ ಎಂತಾರೂ ಬಂದಿತ್ತಾ?”

ಧಣಿ ಎರಡು ಗುಂಡಿ ಒತ್ತಿ ಪರದೆಯನ್ನು ಅವರ ಕಡೆ ತಿರುಗಿಸಿದರು. ಸೂಕ್ತ ವರ ಇಲ್ಲ ಎಂದು ಅಲ್ಲಿ ಬರೆದಿತ್ತು.

“ಕಾಣಿ ಮಾರಾಯ್ರೆ, ನಾನ್ ಹೇಳುದಲ್ಲ, ಕಂಪ್ಯೂಟರ್ ಹೇಳುದ್. ಈಗಿನ ಗಂಡ್‌ಮಕ್ಳಿಗ್ ಬಣ್ಣ ಬೇಕ್. ನಾನ್ ಎಂತ ಮಾಡುದ್?”

ಹೆಣ್ಣು ತಲೆ ತಗ್ಗಿಸಿ ಕುಳಿತಿದ್ದಳು. ಅವಳ ಮುಖ ನೋಡಿ ನನಗೆ ಕಸಿವಿಸಿಯಾಯಿತು. ಕುತ್ತಿಗೆ, ಕೈ ಎಲ್ಲ ನನ್ನ ಹಾಗೇ ಕಪ್ಪು. ಕೆನ್ನೆ ಮಾತ್ರ ಬೇರೆ ಯಾರದೋ ಚರ್ಮ ತಂದು ಅಂಟಿಸಿದ ಹಾಗಿತ್ತು. ಒಂದು ಕಡೆ ಕೆಂಪು, ಒಂದು ಕಡೆ ಬಿಳಿಚು, ನಡುನಡುವೆ ಕರಿ ಮಚ್ಚೆ. ಧಣಿ ಮೇಜಿನ ಡ್ರಾಯರಿನಿಂದ ಒಂದು ಟ್ಯೂಬ್ ತೆಗೆದು ಮಾವನ ಮುಂದೆ ಇಟ್ಟರು. ಮುಂಬೈಯಿಂದ ತರಿಸುತ್ತಿದ್ದ ಬಿಳಿಯಾಗುವ ಕ್ರೀಮ್ ಅದು. ಮಾವ ಜೇಬಿಗೆ ಕೈ ಹಾಕಿದರು. ಮೂರು ವರ್ಷದಿಂದಲೂ ಇದು ಹೀಗೇ ನಡೆದು ಬಂದಿತ್ತು ಎಂದು ಆಮೇಲೆ ತಿಳಿಯಿತು. ಆ ಕ್ರೀಮಿನಲ್ಲಿ ವೈದ್ಯರು ಹೇಳದೆ ಮುಖಕ್ಕೆ ಹಚ್ಚಲೇಬಾರದ ಔಷಧಿ ಇತ್ತು ಎಂಬುದು ತಿಳಿದದ್ದು ಇನ್ನೂ ತಡವಾಗಿ. ಅವರು ಮೆಟ್ಟಿಲಿಳಿದು ಹೋದ ಮೇಲೆ ಹುಡುಗಿಯ ಮುಖಕ್ಕೆ ಏನಾಗಿದೆ ಎಂದು ಕೇಳಿದೆ. “ಮೊದ್ಲ್ ಹಾಂಗೇ ಆತ್ತ್, ಆಮೇಲ್ ಸರಿ ಆತ್ತ್” ಎಂದು ಧಣಿ ಬಜೆ ಚಟ್ನಿಗೆ ಅದ್ದಿದರು.

ಆ ವಾರವೇ ಮನೆಯಲ್ಲಿ ಅಮ್ಮನ ಒತ್ತಾಯಕ್ಕೆ ನಮ್ಮ ಅಣ್ಣನ ವಿವರವನ್ನು ಕಂಪ್ಯೂಟರಿಗೆ ಹಾಕಿದೆ. ಗೋತ್ರ ಎಂದಿದ್ದ ಕಡೆ ಅಮ್ಮನ ಬಳಿಯ ಹೆಸರು ಬರೆದೆ. ಯಂತ್ರ ಚಕಾರ ಎತ್ತದೆ ತೆಗೆದುಕೊಂಡಿತು. ಸರಿಯಾಗಿ ಕೂತಿತೋ ಎಂದು ತೆರೆದು ನೋಡಿದರೆ ಗೋತ್ರ: ಕಾಶ್ಯಪ. ದೋಣಿಗೆ ಹೋಗುವ ನಮ್ಮಣ್ಣ ಕಣ್ಣು ಮುಚ್ಚಿ ಬಿಡುವುದರೊಳಗೆ ಋಷಿಪುತ್ರ ಆಗಿದ್ದ. ಮೊದಲು ನಗು ಬಂತು. ಮತ್ತೆ ಯಾರು ಯಾರು ಕಾಶ್ಯಪರು ಎಂದು ಹುಡುಕಿ ನೋಡಿದೆ, ನಗು ಅಲ್ಲೇ ನಿಂತಿತು. ನಮ್ಮಂಥ ಬಳಿಯವರೆಲ್ಲರೂ, ಗಂಡು ಹೆಣ್ಣೆನ್ನದೆ, ಒಬ್ಬರನ್ನೂ ಬಿಡದೆ, ಕಾಶ್ಯಪ.

ಆದದ್ದು ಇಷ್ಟು. ಒಂದು ಟೈಪಿನದನ್ನು ಇನ್ನೊಂದು ಟೈಪಿಗೆ ಬದಲಿಸುವುದಕ್ಕೂ ನಾವೇ ನಿಯಮ ಬರೆದಿಡಬಹುದು. ನಾವು ಬಾಯಿಬಿಟ್ಟು ಹೇಳಿದಾಗ ಮಾತ್ರ ಬದಲಿಸು ಎನ್ನಬಹುದು, ಅಥವಾ ಯಾರನ್ನೂ ಕೇಳದೆ ನಿನ್ನಷ್ಟಕ್ಕೆ ಬದಲಿಸಿಕೋ ಎನ್ನಬಹುದು. ಘಟ್ಟದ ಮೇಲಿನ ಪುಣ್ಯಾತ್ಮ ಎರಡನೆಯದನ್ನು ಬರೆದಿದ್ದ. ಬರಹ ಬಂದರೆ ಅದನ್ನು ಗೋತ್ರ ಮಾಡು. ಗೊತ್ತಿರುವ ಗೋತ್ರಗಳಲ್ಲಿ ಅದು ಇಲ್ಲದಿದ್ದರೆ ಕಾಶ್ಯಪ ಎಂದು ಹಾಕು. ಆ ಕಾಲಂ ಖಾಲಿ ಬಿಡುವ ಹಾಗಿರಲಿಲ್ಲ, ಅವನಿಗೆ ಏನೋ ಒಂದು ಬೇಕಿತ್ತು. ಇದನ್ನು ಯಾರೂ ಹಿಡಿಯದೆ ಇದ್ದುದಕ್ಕೂ ಕಾರಣವಿದೆ. ದೇವಸ್ಥಾನದಲ್ಲಿ ಹಣ್ಣುಕಾಯಿ ಮಾಡಿಸುವಾಗ ಭಟ್ಟರು ಗೋತ್ರ ಕೇಳುತ್ತಾರೆ, ನಮ್ಮಂಥವರು ಮುಖ ಮುಖ ನೋಡಿಕೊಂಡರೆ ಅವರೇ ಕಾಶ್ಯಪ ಎಂದು ಸೇರಿಸಿ ಮಂತ್ರ ಮುಂದುವರಿಸುತ್ತಾರೆ. ಹುಟ್ಟಿದಾರಭ್ಯ ಕೇಳಿ ಕೇಳಿ ಅಭ್ಯಾಸವಾದ ಹೆಸರು. ನಮ್ಮ ಕೇಂದ್ರದ ಚೀಟಿಯಲ್ಲಿ ಅದು ಅಚ್ಚಾಗಿ ಬಂದರೆ ಯಾರು ಯಾಕೆ ಎಂದು ಕೇಳುತ್ತಾರೆ? ದೇವರು ಆ ಹೆಸರಿಟ್ಟುಕೊಂಡು ಯಾರ ಮದುವೆಯನ್ನೂ ತಡೆದದ್ದಿಲ್ಲ. ಕಂಪ್ಯೂಟರ್ ತಡೆಯಿತು. ಬೇರೆ ಜಾತಿಯವರನ್ನು ಅದು ಮೊದಲೇ ತೋರಿಸುವುದಿಲ್ಲ, ನಮ್ಮೊಳಗೆ ಎಲ್ಲರೂ ಒಂದೇ ಗೋತ್ರ, ಹಾಗಾಗಿ ಯಾರಿಗೂ ಯಾರೂ ಆಗುವುದಿಲ್ಲ.

ಹಾಗಾದರೆ ನಮ್ಮವರ ಮದುವೆಗಳು ಈ ಕೇಂದ್ರದಿಂದ ಆದದ್ದು ಹೇಗೆ ಎಂದರೆ, ಧಣಿಯ ಬಾಯಿಂದ. ಬ್ರಹ್ಮಾವರ, ಕುಂದಾಪುರದ ಮನೆಗಳೆಲ್ಲ ಅವರಿಗೆ ಗೊತ್ತು. ಯಾರ ಬಳಿ ಯಾವುದು, ಯಾರ ಮಗ ಕುಡಿಯುತ್ತಾನೆ, ಎಲ್ಲ ನಾಲಿಗೆ ತುದಿಯಲ್ಲಿ. ಆ ಮನೆಯವರಿಗೆ ಕಂಪ್ಯೂಟರನ್ನು ತೋರಿಸುತ್ತಲೇ ಇರಲಿಲ್ಲ. ಬೈಂದೂರು, ಶಿರೂರು, ವಂಡ್ಸೆಯ ಬದಿ ಧಣಿಗೆ ಗೊತ್ತಿಲ್ಲದ ಊರು. ಆ ಬದಿಯವರು ಬಂದರೆ ಮಾತ್ರ ಪರದೆ ತಿರುಗಿಸುವುದು. ಪರದೆಯಲ್ಲಿ ಯಾರೂ ಇಲ್ಲದಿದ್ದರೆ ಹೆಣ್ಣಿನ ಬಣ್ಣ ತೋರಿಸುವುದು. ಅಲ್ಲಿಗೆ ಡ್ರಾಯರ್ ತೆರೆಯುತ್ತದೆ.

ಮರುದಿನ ಧಣಿಯ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಬಳಿ ಎಂದು ಬೇರೆಯೇ ಒಂದು ಟೈಪ್ ಮಾಡುತ್ತೇನೆ, ಗೋತ್ರಕ್ಕೂ ಅದಕ್ಕೂ ನಡುವೆ ದಾರಿಯೇ ಇಡುವುದಿಲ್ಲ, ಒಂದನ್ನು ಇನ್ನೊಂದರ ಜೊತೆ ಹೋಲಿಸಹೋದರೆ ಯಂತ್ರ ಆಗುವುದಿಲ್ಲ ಎಂದು ಎರರ್ ಕೊಡಬೇಕು, ಹಾಗೆ.

“ಅರೆ ತಂಗಿ, ಎರರ್ ಬಂದ್ರೆ ಗಿರಾಕಿ ಎದ್ರ್ ಮರ್ಯಾದಿ ಹೋತ್ತಲೆ?” ಎಂದರು ಧಣಿ. “ಎಂತಕ್ಕೆ ತಲಿಬಿಸಿ ಮಾಡ್ಕಂತೆ? ದೇವಸ್ಥಾನದಗೆ ಭಟ್ರ್ ಹೇಳುದೂ ಕಾಶ್ಯಪ ಅಂದೇ ಅಲ್ದಾ? ಚಲ್ತಾ ಹೈ.”

“ಆ ಶಿರೂರ್ ಹೆಣ್ಣಿನ್ ಮುಖ ಕಂಡ್ರ್ಯಾ ನೀವ್?”

“ಅದಕ್ಕೆಂತ? ಇನ್ನೊಂದ್ ಟ್ಯೂಬ್ ಹಚ್ಚಿರೆ ಸರಿ ಆತ್ತ್.”

ಮನುಷ್ಯನಿಗೆ ತಪ್ಪು ಆಗುತ್ತದೆ, ಅದನ್ನು ನಾನು ಸಹಿಸಬಲ್ಲೆ. ತಪ್ಪು ಎಂದು ಗೊತ್ತಾದ ಮೇಲೂ ಚಟ್ನಿ ನೆಕ್ಕುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರು ಮಧ್ಯಾಹ್ನ ಊಟಕ್ಕೆ ಹೋಗುವುದನ್ನು ಕಾದು ಕುಳಿತೆ. ಹೋದ ಕೂಡಲೇ ಆ ಕೇಳದೆ ಬದಲಿಸುವ ನಿಯಮವನ್ನು ತೆಗೆದೆಸೆದೆ. ಬಳಿ ಎಂಬ ಹೊಸ ಟೈಪ್ ಮಾಡಿದೆ. ಪರೀಕ್ಷೆಗೆಂದು ಒಂದು ಬಳಿಯನ್ನೂ ಒಂದು ಗೋತ್ರವನ್ನೂ ಅಕ್ಕಪಕ್ಕ ಇಟ್ಟು ಇವೆರಡೂ ಒಂದೇನಾ ಎಂದು ಕೇಳಿದೆ. ಇವನ್ನು ಹೋಲಿಸುವ ದಾರಿ ನನಗೆ ಗೊತ್ತಿಲ್ಲ ಎಂದು ಯಂತ್ರ ಉತ್ತರ ಕೊಟ್ಟಿತು. ಆ ಕೇಂದ್ರದೊಳಗೆ ಗೊತ್ತಿಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮನಸ್ಸಿಗೆ ಹಿತವಾಯಿತು.

ಆದರೆ ಹಳೆಯದನ್ನು ಸರಿ ಮಾಡುವುದು ಹೇಗೆ? ಬಳಿ ಕಾಶ್ಯಪವಾಗಿ ಕೂತ ಮೇಲೆ ಆ ಕಾಶ್ಯಪದೊಳಗೆ ಮೂಲದ್ದು ಏನೂ ಉಳಿದಿರುವುದಿಲ್ಲ. ಫ್ಯಾಕ್ಟರಿಯಲ್ಲಿ ಮೀನನ್ನು ಹುಡಿ ಮಾಡಿದ ಮೇಲೆ ಅದರಲ್ಲಿ ಬಂಗುಡೆ ಯಾವುದು, ಬೈಗೆ ಯಾವುದು ಎಂದು ಯಾರು ಹೇಳುತ್ತಾರೆ? ನಾತ ಮಾತ್ರ ಎಲ್ಲದ್ದೂ ಒಂದೇ. ಬರೆದುಕೊಟ್ಟ ಕಾಗದಗಳಾದರೂ ಇವೆಯೇ ಎಂದು ಹುಡುಕಿದೆ. ಕಂಪ್ಯೂಟರಿಗೆ ಹತ್ತಿದ ಮೇಲೆ ಕಾಗದ ಯಾಕೆ ಎಂದು ಧಣಿ ಎಲ್ಲವನ್ನೂ ಕೆಳಗಿನ ಹೋಟೆಲಿಗೆ ಕೊಟ್ಟುಬಿಟ್ಟಿದ್ದರು. ಅವರು ತರಿಸುತ್ತಿದ್ದ ಬಜೆ ಯಾರ ಯಾರ ಜಾತಕದಲ್ಲಿ ಸುತ್ತಿಕೊಂಡು ಮೇಲೆ ಬರುತ್ತಿತ್ತು ಎಂಬುದು ಆಗ ನನಗೆ ಹೊಳೆಯಿತು. ಕಸದ ಬುಟ್ಟಿಯಲ್ಲಿದ್ದ ಒಂದು ಕಾಗದದ ಮುದ್ದೆಯನ್ನು ಬಿಡಿಸಿ ನೋಡಿದೆ. ಎಣ್ಣೆ ಕುಡಿದ ರಾಶಿಚಕ್ರದ ಮೇಲೆ ಚಟ್ನಿಯ ಬೆರಳಿನ ಗುರುತು. ಅದನ್ನು ಮತ್ತೆ ಮುದ್ದೆ ಮಾಡುವುದಕ್ಕೂ ನನ್ನ ಕೈ ಬರಲಿಲ್ಲ.

ಉಳಿದದ್ದು ಫೋನು. ಬೈಂದೂರು ಬದಿಯ ಒಂದೊಂದೇ ಮನೆಗೆ ಫೋನು ಹಚ್ಚಿ ಬಳಿ ಕೇಳುತ್ತ ಹೋದೆ. ಕೆಲವು ಮನೆಯಲ್ಲಿ ಅಪ್ಪಂದಿರು ಫೋನೆತ್ತಿ ತಮ್ಮ ಬಳಿಯನ್ನೇ ಹೇಳಿಬಿಡುತ್ತಿದ್ದರು, ಹಿಂದಿನಿಂದ ಹೆಂಡತಿ, “ನಿಮ್ದ್ ಯಾರಿಗ್ ಬೇಕ್, ಮಕ್ಕಳಿಗೆ ಬಪ್ಪುದ್ ನಂದ್ ಅಲ್ದಾ?” ಎಂದು ಗದರುವುದು ಕೇಳುತ್ತಿತ್ತು. ಧಣಿ ಇದನ್ನು ನೋಡಿಯೂ ಸುಮ್ಮನಿದ್ದರು. ಗಿರಾಕಿಗಳಿಗೆ ಆಗಾಗ ಫೋನು ಹೋದರೆ ಒಳ್ಳೆಯದೇ ಎಂದು ಅವರ ಎಣಿಕೆ. ಶಿರೂರಿನ ಮನೆಯಲ್ಲಿ ಫೋನೆತ್ತಿದ್ದು ಆ ಹೆಣ್ಣೇ. ಬಳಿ ಹೇಳಿದಳು, ಏಕೆ ಎಂದು ಕೇಳಲಿಲ್ಲ. ಮಾವನನ್ನು ಕರೆದುಕೊಂಡು ಒಮ್ಮೆ ಬನ್ನಿ ಎಂದೆ.

ಅವರು ಬಂದ ದಿನ ನಾನೇ ಅವಳ ವಿವರ ಹಾಕಿ ಹುಡುಕಿಸಿದೆ. ಪರದೆ ತುಂಬ ಗಂಡುಗಳು. ವಂಡ್ಸೆಯವನೊಬ್ಬ, ಪಂಪ್‌ಸೆಟ್ ರಿಪೇರಿ ಮಾಡುವವನು, ಬಳಿ ಬೇರೆ, ಊರು ಹತ್ತಿರ, ಹೆಣ್ಣಿಗೆ ಹೊಲಿಗೆ ಬಂದರೆ ಸಂತೋಷ ಎಂದು ಬರೆಸಿದ್ದವನು. ಅವನೂ ಅವಳಷ್ಟೇ ವರ್ಷದಿಂದ ಅದೇ ಯಂತ್ರದೊಳಗೆ ಕಾಶ್ಯಪನಾಗಿ ಕುಳಿತಿದ್ದ. ಪಟ್ಟಿಯನ್ನು ಪ್ರಿಂಟ್ ತೆಗೆದೆ. ನಾನು ಬಾಯಿ ತೆರೆಯುವ ಮೊದಲೇ ಧಣಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಮಾವನ ಮುಂದೆ ಬೀಸಿದರು.

“ಕಂಡ್ರ್ಯಾ ಮಾರಾಯ್ರೆ! ನಾನ್ ಹೇಳ್ಲಿಲ್ಯಾ? ಕ್ರೀಮ್ ಹಚ್ಚಿ ಬಣ್ಣ ಬಂತ್, ಬಣ್ಣ ಬಂದದ್ದೇ ಸಂಬಂಧವೂ ಬಂತ್.”

ಮಾವ ಕೈ ಮುಗಿದರು. ಆ ಕೈಮುಗಿತ ನೋಡಿ ನನ್ನ ಮೈ ಉರಿದುಹೋಯಿತು. ಧಣಿಯ ಕಡೆ ನೋಡದೆ ಹೆಣ್ಣಿಗೆ ನೇರ ಹೇಳಿದೆ.

“ಬಣ್ಣದ್ದ್ ಎಂತದೂ ಇಲ್ಲೆ. ಈ ಕಂಪ್ಯೂಟರಿಗೆ ನಮ್ಮ ಬಳಿ ಗೊತ್ತಿರ್ಲಿಲ್ಲೆ. ಎಲ್ಲರಿಗೂ ಒಂದೇ ಗೋತ್ರ ಹಾಕಿ ಕೂಕಂಡಿತ್ತ್. ಅದ್ಕೆ ನಿಮ್ಗೆ ಒಬ್ಬರನ್ನೂ ತೋರ್ಸ್ಲಿಲ್ಲೆ. ಇವ್ರೆಲ್ಲ ಮೊದ್ಲಿಂದೂ ಇದ್ರಗೇ ಇದ್ದವ್ರ್.”

ಅವಳು ನನ್ನನ್ನೇ ನೋಡಿದಳು. ಅರ್ಥವಾಯಿತೋ ಇಲ್ಲವೋ ಎಂದುಕೊಂಡೆ.

“ಹಾಂಗಾರೆ ಬಣ್ಣದ್ದ್ ಅಲ್ದಾ?”

“ಅಲ್ಲ.”

“ಮೂರ್ ವರ್ಷ ನಾನ್ ಕನ್ನಡಿ ಎದ್ರ್ ನಿಂತ್ ನನ್ನನ್ನೇ ಬೈಕಂಡೆ,” ಎಂದಳು. ದನಿ ಏರಿಸಲಿಲ್ಲ. “ಒಲಿ ಎದ್ರ್ ಕೂಕಂಬುಕೆ ಆತಿಲ್ಲೆ ಈಗ, ಮುಖ ಉರಿತ್ತ್. ಬಿಸಿಲಿಗ್ ಹೋಪುಕೆ ಆತಿಲ್ಲೆ.” ಚೀಲದಿಂದ ಅರ್ಧ ಹಿಂಡಿದ ಟ್ಯೂಬ್ ತೆಗೆದು ಧಣಿಯ ಬಜೆ ತಟ್ಟೆಯ ಪಕ್ಕದಲ್ಲಿ ಇಟ್ಟಳು. “ಇದ್ ನಂಗೆ ಬ್ಯಾಡ. ನಿಮ್ಮ ಕಂಪ್ಯೂಟರಿಗ್ ಹಚ್ಚಿ, ಅದಾರೂ ಬಿಳಿ ಆತ್ತಾ ಕಾಂಬ.”

ಮಾವ ಪಟ್ಟಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು ಅವಳ ಹಿಂದೆಯೇ ಇಳಿದು ಹೋದರು. ಧಣಿ ನನ್ನ ಕಡೆ ತಿರುಗಿ ಬಾಯಿಗೆ ಬಂದದ್ದೆಲ್ಲ ಅಂದರು. ಮುಂಬೈಯ ಬೈಗುಳಗಳು ನಮ್ಮವಕ್ಕಿಂತ ಹೊಲಸು. ನಾನು ಕೀಬೋರ್ಡಿನ ಮುಂದೆ ಕುಳಿತೆ. ಬಣ್ಣ ಎಂಬ ಟೈಪನ್ನು ಅಳಿಸು ಎಂದು ಬರೆದೆ. ಅದನ್ನು ನೆಚ್ಚಿಕೊಂಡ ಕಾಲಮ್ಮುಗಳಿವೆ, ಅಳಿಸಲಾರೆ ಎಂದಿತು ಯಂತ್ರ. ಹಾಗಾದರೆ ನೆಚ್ಚಿಕೊಂಡದ್ದನ್ನೆಲ್ಲ ಸೇರಿಸಿ ಅಳಿಸು ಎಂದು ಇನ್ನೊಮ್ಮೆ ಬರೆದೆ. ಆ ಕೇಂದ್ರದ ಅಷ್ಟೂ ಹೆಣ್ಣುಗಳ ಬಣ್ಣ ಒಂದೇ ಏಟಿಗೆ ಹೋಯಿತು. ಕೈ ಒರೆಸಿಕೊಂಡು ಮೆಟ್ಟಿಲಿಳಿದವಳು ಮತ್ತೆ ಹತ್ತಲಿಲ್ಲ. ನನ್ನ ಜಾಗಕ್ಕೆ ಬಂದವರು ವಾರದೊಳಗೆ ಬಣ್ಣದ ಕಾಲಂ ವಾಪಸು ಹಾಕಿದರು ಎಂದು ಯಾರೋ ಹೇಳಿದರು. ಹಾಕದೆ ಇರುತ್ತಾರೆಯೇ?

ಶಿರೂರಿನ ಹೆಣ್ಣಿಗೆ ಆ ವಂಡ್ಸೆಯವನ ಜೊತೆಗೇ ಮದುವೆಯಾಯಿತು. ಮದುವೆಗೆ ಹೋಗಲು ನನಗಾಗಲಿಲ್ಲ. ಒಂದೆರಡು ವರ್ಷ ಕಳೆದು ಬೈಂದೂರಿಗೆ ಹೋದವಳು ಹುಡುಕಿಕೊಂಡು ಅವಳ ಹೊಲಿಗೆ ಅಂಗಡಿಗೆ ಹೋದೆ. ಕ್ರೀಮ್ ಬಿಟ್ಟ ಮೇಲೆ ಮುಖ ಇನ್ನೂ ಕೆಟ್ಟು, ಮಂಗಳೂರಿನ ಚರ್ಮದ ಡಾಕ್ಟರರ ಹತ್ತಿರ ತೋರಿಸಿ, ಈಗ ಸುಮಾರು ಸುಧಾರಿಸಿತ್ತು. ಕೆನ್ನೆಯ ಮಚ್ಚೆ ಮಾತ್ರ ಹೋಗಿರಲಿಲ್ಲ. ಗಂಡ ಒಳ್ಳೆಯವನು ಎಂದಳು. ಅವನಿಗೆ ಅವಳ ಮುಖದ ಮೇಲೆ ಯಾವ ದೂರೂ ಇಲ್ಲವಂತೆ. ಚಾ ತರಿಸಿ, ಕಪಾಟಿನಿಂದ ಮದುವೆ ಆಲ್ಬಮ್ ತೆಗೆದು ನನ್ನ ಮಡಿಲಿಗಿಟ್ಟಳು.

ಧಾರೆಯ ಸೀರೆ, ಹೂವಿನ ದಂಡೆ, ಪಕ್ಕದಲ್ಲಿ ಕಪ್ಪಗೆ ನಗುವ ಗಂಡ. ಹೆಣ್ಣು ಮಾತ್ರ ಹಾಲಿನಲ್ಲಿ ಅದ್ದಿ ತೆಗೆದಷ್ಟು ಬಿಳಿ. ಮಚ್ಚೆ ಇಲ್ಲ, ಕೆಂಪಿಲ್ಲ, ಕುತ್ತಿಗೆ ಕೈ ಎಲ್ಲ ಒಂದೇ ಬಿಳುಪು. ನಾನು ಪುಟ ತಿರುಗಿಸಿದೆ, ಎಲ್ಲ ಪುಟದಲ್ಲೂ ಅದೇ. ಮೇಕಪ್ಪಾ ಎಂದು ಕೇಳಿದೆ.

“ಅಲ್ಲ. ನಾನ್ ಬರೀ ಮುಖ ತೊಳ್ಕಂಡ್ ಕೂಕಂಡದ್ದ್. ಸ್ಟುಡಿಯೋದವ್ರ್ ಕಂಪ್ಯೂಟರಗೆ ಮಾಡಿದ್ದ್.”

“ಯಾರ್ ಹೇಳಿದ್ದ್ ಅವ್ರಿಗೆ?”

“ಯಾರೂ ಹೇಳ್ಲಿಲ್ಲೆ. ಹೆಣ್ಣಿನ್ ಕಡಿದ್ ಆರೆ ಕೇಂಬುದೇ ಇಲ್ಲೆ, ಎಲ್ಲರಿಗೂ ಹಾಂಗೇ ಮಾಡುದಂಬ್ರ್.”

ಮೊದಲಿನ ಫೋಟೋಗಳಾದರೂ ಸ್ಟುಡಿಯೋದವರ ಹತ್ತಿರ ಇವೆಯೇ, ಬಿಳಿ ಮಾಡುವುದಕ್ಕಿಂತ ಮುಂಚಿನವು ಎಂದು ಕೇಳಿದೆ. ಅವಳು ಹಲ್ಲಿನಲ್ಲಿ ದಾರ ಕಡಿದು ಸೂಜಿಗೆ ಪೋಣಿಸುತ್ತಿದ್ದಳು.

“ಕೇಂಡೆ,” ಎಂದಳು. “ಅಳ್ಸಿ ಹಾಕಿದ್ರಂಬ್ರ್.”